ಕಿವಿ ಮೆಷಿನ್‌ಗೆ ನಾಲ್ಕು ಲಕ್ಷ ಹಾಕಬೇಕಾ? ಓದುಗರ ಪ್ರಶ್ನೆ, ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಉತ್ತರ

ಹೋದ ಸಂಚಿಕೇಲಿ ವಯಸ್ಸಾದ ಮೇಲೆ ಕಿವಿ ಮಂದ ಆಗೋದರ ಬಗ್ಗೆ ಬರೆದಿದ್ದೆ, ಅದಕ್ಕೆ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಸೇರಿಸಿ ನೋಡಿದ್ರೆ ಮುಕ್ಕಾಲು ಪಾಲು ಒಂದೇ ವಿಷಯ, ದುಬಾರಿ ಮೆಷಿನ್ ತಗೊಂಡ್ರೆ ಧ್ವನಿ ಸಹಜವಾಗಿ ಕೇಳತ್ತಾ ಅಂತ. ಒಂದೇ ಥರದ್ದನ್ನ ಬಿಟ್ಟು ಕೆಲವು ಆರಿಸಿದೀನಿ. ಹೆಸರು ಹಾಕ್ಬೇಡಿ ಅಂತ ತುಂಬಾ ಜನ ಕೇಳಿದ್ರಿಂದ ಊರು ಮಾತ್ರ ಇದೆ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 68. ಎರಡೂ ಕಿವಿಯ ಆಡಿಯೋಗ್ರಾಂ (ಕಿವಿ ಪರೀಕ್ಷೆಯ ನಕ್ಷೆ) ಹೆಚ್ಚುಕಮ್ಮಿ ಒಂದೇ, 500 ಹರ್ಟ್ಸ್‌ನಲ್ಲಿ 25 ಡೆಸಿಬಲ್, 4000ದಲ್ಲಿ 65. ಮಾತು ಕೇಳತ್ತೆ, ಏನು ಅಂದ್ರು ಅಂತ ಗೊತ್ತಾಗಲ್ಲ. ಅಂಗಡೀಲಿ ಮೂರು ಜೊತೆ ಹಾಕಿ ತೋರಿಸಿದ್ರು, 50 ಸಾವಿರದ್ದು, ಒಂದೂವರೆ ಲಕ್ಷದ್ದು, ನಾಲ್ಕು ಲಕ್ಷದ್ದು. ಕೊನೇದು ಎಷ್ಟು ನ್ಯಾಚುರಲ್ ಅಂದ್ರೆ ಮೆಷಿನ್ ಹಾಕಿದೀನಿ ಅನ್ನೋದೇ ಮರೆತೋಯ್ತು, ಮೊದಲೆರಡು ಕರ್ಕಶ. ಮಗ ಇದನ್ನೇ ತಗೊಳ್ಳಿ ಅಂತಾನೆ, ಮನೆಯವಳು ಆ ದುಡ್ಡಲ್ಲಿ ಸೈಟಿಗೆ ಕಾಂಪೌಂಡ್ ಹಾಕಿಸಬಹುದು ಅಂತಾಳೆ. ಸಂಜೆ ಪಾರ್ಕಲ್ಲಿ ಮೂರ್ನಾಲ್ಕು ಗೆಳೆಯರ ಜೊತೆ ಹರಟೆ, ಟೀವಿ, ವರ್ಷಕ್ಕೆ ನಾಲ್ಕೈದು ಮದುವೆ, ನನ್ನ ಓಡಾಟ ಇಷ್ಟೇ. ಏನ್ಮಾಡ್ಲಿ? (ಹಾಸನ)

ಉತ್ತರ: ಮೇಷ್ಟ್ರೇ, ಅಮ್ಮಾವ್ರ ಮಾತಲ್ಲಿ ತೂಕ ಇದೆ, ಆದ್ರೆ ಅದಕ್ಕಿಂತ ಮೊದಲು ನೀವು ಬರೆದಿರೋ ಒಂದು ಸಾಲು ನನ್ನನ್ನ ಹಿಡಿದು ನಿಲ್ಲಿಸ್ತು. "ಮೆಷಿನ್ ಹಾಕಿದೀನಿ ಅನ್ನೋದೇ ಮರೆತೋಯ್ತು." ಆಡಿಯೋಗ್ರಾಂನಲ್ಲಿ ಡೆಸಿಬಲ್ ಅಂಕಿ ಜಾಸ್ತಿ ಆದಷ್ಟೂ ಕಿವಿ ಮಂದ, ನಿಮಗೆ 4000 ಹರ್ಟ್ಸ್‌ನಲ್ಲಿ, ಅಂದ್ರೆ ಮೇಲಿನ ಚೂಪು ಸ್ವರದಲ್ಲಿ, ಅದು 65 ಇದೆ ಅಂದ್ರೆ ಸ, ಶ, ತ, ಪ ಇಂಥ ಸಣ್ಣ ವ್ಯಂಜನಗಳು ವರ್ಷಗಟ್ಟಲೆಯಿಂದ ನಿಮ್ಮ ಕಿವಿಗೆ ಸರಿಯಾಗಿ ಬಿದ್ದೇ ಇಲ್ಲ, ಅದಕ್ಕೇ ಮಾತು ಕೇಳತ್ತೆ ಆದ್ರೆ ಏನು ಅಂತ ಗೊತ್ತಾಗಲ್ಲ. ಅಷ್ಟನ್ನೂ ಒಂದು ಮೆಷಿನ್ ಪ್ರಾಮಾಣಿಕವಾಗಿ ವಾಪಸ್ ಕೊಟ್ರೆ ಮೊದಲನೇ ದಿನ ಅದು ಚೂಪಾಗಿ, ಕಿರಿಕಿರಿಯಾಗೇ ಕೇಳ್ಬೇಕು, ಪೇಪರ್ ಮಡಚಿದ್ರೂ ಚಪ್ಪಲಿ ಎಳೆದ್ರೂ ಬೆಚ್ಚಿ ಬೀಳ್ಬೇಕು. ಹಾಕಿದ ಐದು ನಿಮಿಷಕ್ಕೇ ಏನೂ ವ್ಯತ್ಯಾಸ ಅನ್ನಿಸದೆ ಹಾಯಾಗಿ ಇತ್ತು ಅಂದ್ರೆ ಬಹುಶಃ ಅದು ಕಡಿಮೆ ಕೊಡ್ತಿತ್ತು ಅಷ್ಟೇ. ಅಂಗಡಿಯವರು ಮೋಸ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಕಂಪನಿ ಸಾಫ್ಟ್‌ವೇರ್‌ನಲ್ಲೇ ಹೊಸಬರಿಗೆ ಅಂತ ಒಂದು ಸೆಟ್ಟಿಂಗ್ ಇರತ್ತೆ, ಅದು ಬೇಕಂತಲೇ ಸೌಂಡ್ ತಗ್ಗಿಸಿ ಕೊಡತ್ತೆ, ಒಂದು ಕಂಪನಿಯದ್ದು ಸ್ವಲ್ಪ ತಗ್ಗಿಸಿದ್ರೆ ಇನ್ನೊಂದರದ್ದು ಜಾಸ್ತಿ. ಹಾಗಾಗಿ ಶೋರೂಂನಲ್ಲಿ ಕೂತು ಮೂರು ಮೆಷಿನ್ ಹೋಲಿಸಿದಾಗ ನೀವು ಹೋಲಿಸಿದ್ದು ಮೆಷಿನ್ ಅಲ್ಲ, ಮೂರು ಸೆಟ್ಟಿಂಗು.

ಸರಿಯಾಗಿ ಹೋಲಿಸ್ಬೇಕು ಅಂದ್ರೆ ಮೂರನ್ನೂ ನಿಮ್ಮ ಕಿವಿಯೊಳಗೆ ಒಂದೇ ಮಟ್ಟಕ್ಕೆ ತರ್ಬೇಕು. ಅದಕ್ಕೆ ರಿಯಲ್ ಇಯರ್ ಮೆಷರ್‌ಮೆಂಟ್ ಅಂತ ಒಂದು ಟೆಸ್ಟ್ ಇದೆ. ಎಳೆ ಥರದ ಸಣ್ಣ ಸಿಲಿಕಾನ್ ಟ್ಯೂಬ್ ಒಂದನ್ನ ಮೆಷಿನ್ ಪಕ್ಕದಲ್ಲೇ ಕಿವಿ ಒಳಗೆ, ಪರದೆ ಹತ್ರದ ತನಕ ಇಳಿಸ್ತಾರೆ, ನೋವಾಗಲ್ಲ, ಸ್ವಲ್ಪ ಕಚಗುಳಿ. ಎದುರಿಗಿರೋ ಸ್ಪೀಕರ್‌ನಿಂದ ಮಾತಿನಂಥ ಒಂದು ಸದ್ದು ಬರತ್ತೆ, ಮೆಲ್ಲಗೆ, ಮಾಮೂಲಿ, ಜೋರು ಅಂತ ಮೂರು ಮಟ್ಟದಲ್ಲಿ. ಆರು ಭಾಷೆಯ ಆರು ಹೆಂಗಸರು ಓದಿದ್ದನ್ನ ಚೂರು ಚೂರು ಮಾಡಿ ಕಲಸಿರೋ ಸದ್ದು ಅದು, ಯಾರಿಗೂ ಅರ್ಥ ಆಗ್ಬಾರ್ದು ಅಂತಲೇ ಹಾಗೆ ಮಾಡಿರೋದು (ಕನ್ನಡ ಆ ಆರರಲ್ಲಿ ಇಲ್ಲ, ಅರಬ್ಬಿ, ಚೀನಿ, ಜರ್ಮನ್ ಎಲ್ಲಾ ಇದೆ). ಪರದೆ ಹತ್ರ ನಿಜವಾಗ್ಲೂ ಎಷ್ಟು ಸೌಂಡ್ ತಲುಪ್ತು ಅನ್ನೋದು ಕಂಪ್ಯೂಟರ್‌ನಲ್ಲಿ ಒಂದು ಗೆರೆಯಾಗಿ ಕಾಣತ್ತೆ, ನಿಮ್ಮ ಆಡಿಯೋಗ್ರಾಂ ಪ್ರಕಾರ ಎಷ್ಟಿರಬೇಕು ಅನ್ನೋದು ಇನ್ನೊಂದು ಗೆರೆ, ಎರಡನ್ನೂ ಹತ್ರ ಹತ್ರ ತರೋದೇ ಆಡಿಯಾಲಜಿಸ್ಟ್ ಕೆಲಸ. ಕಂಪನಿ ಸೆಟ್ಟಿಂಗ್ ಹಾಗೇ ಬಿಟ್ರೆ ಹೈ ಫ್ರೀಕ್ವೆನ್ಸಿ, ಅಂದ್ರೆ ಚೂಪು ಸ್ವರದ ಕಡೆ ಗೆರೆ ಕೆಳಗಿರೋದು ಮಾಮೂಲಿ, ಅಂದ್ರೆ ನಿಮಗೆ ಎಲ್ಲಿ ಬೇಕೋ ಅಲ್ಲೇ ಕಮ್ಮಿ. ನಾಲ್ಕು ಲಕ್ಷದ ಮೆಷಿನ್ ಆದ್ರೂ ಅಷ್ಟೇ. ಹೋಗೋಕೆ ಮುಂಚೆ ಫೋನ್ ಮಾಡಿ ಈ ಟೆಸ್ಟ್ ಮಾಡ್ತೀರಾ ಅಂತ ಕೇಳಿ, "ಅದೇನೂ ಬೇಕಾಗಲ್ಲ ಸರ್, ಮೆಷಿನ್ ಎಲ್ಲಾ ಆಟೋಮ್ಯಾಟಿಕ್" ಅಂದ್ರೆ ಬೇರೆ ಕಡೆ ನೋಡಿ. ಟೆಸ್ಟ್ ಮಾಡೋರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ರಿಜಿಸ್ಟ್ರೇಷನ್ ನಂಬರ್ ಇದೆಯಾ ಅಂತ ಕೇಳೋಕೂ ಸಂಕೋಚ ಬೇಡ, ಗೋಡೆ ಮೇಲಿರೋ ಸರ್ಟಿಫಿಕೇಟ್ ಸೇಲ್ಸ್ ಟ್ರೈನಿಂಗ್‌ದೂ ಆಗಿರಬಹುದು. ನಿಮಗೆ ಮೈಸೂರು ಹತ್ರ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಅಂತಾರಲ್ಲ, 1965ರಿಂದ ಇದೇ ಕೆಲಸ ಮಾಡ್ತಿರೋ ಕೇಂದ್ರ ಸರ್ಕಾರದ ಸಂಸ್ಥೆ. ಮಾತು ಎಷ್ಟು ಗೊತ್ತಾಗತ್ತೆ ಅಂತ ಅಲ್ಲಿ ಕನ್ನಡ ಪದಗಳಲ್ಲೇ ಟೆಸ್ಟ್ ಮಾಡ್ತಾರೆ, ಜನ ಜಾಸ್ತಿ, ಅರ್ಧ ದಿನ ಹೋಗತ್ತೆ ಅಂತ ಲೆಕ್ಕ ಇಟ್ಕೊಂಡೇ ಹೋಗಿ.

ಇನ್ನು ಆ ದುಡ್ಡು ಹೋಗೋದು ಎಲ್ಲಿಗೆ ಅಂತ. ಒಂದೇ ಕಂಪನಿಯ ಕೆಳಗಿನ ಮಾಡೆಲ್, ಮೇಲಿನ ಮಾಡೆಲ್ ಎರಡರಲ್ಲೂ ಎಷ್ಟೋ ಸಲ ಒಳಗಿರೋ ಚಿಪ್ ಒಂದೇ, ಸಾಫ್ಟ್‌ವೇರ್‌ನಲ್ಲಿ ಏನೇನು ತೆರೆದಿದ್ದಾರೆ ಅನ್ನೋದು ಬೇರೆ. ಮೇಲಿನದ್ದರಲ್ಲಿ ಗದ್ದಲದಲ್ಲಿ ಎದುರಿನವರ ಮಾತನ್ನ ಎತ್ತಿ ಕೊಡೋ ಶಕ್ತಿ ಜಾಸ್ತಿ, ಜಾಗ ಬದಲಾದ ಹಾಗೆ ತಾನೇ ಬದಲಾಗತ್ತೆ, ಗಾಳಿ ಸದ್ದು, ತಟ್ಟೆ ಲೋಟದ ಸದ್ದು ನುಣುಪು ಮಾಡತ್ತೆ. ಈಗೀಗ ಬಂದಿರೋ ಎಐ ಮೆಷಿನ್‌ಗಳು ಗದ್ದಲದಿಂದ ಮಾತನ್ನ ಬೇರೆ ಮಾಡೋದ್ರಲ್ಲಿ ನಿಜವಾಗ್ಲೂ ಮುಂದೆ ಹೋಗಿವೆ, ಇದನ್ನ ಒಪ್ಕೋಬೇಕು. ಆದ್ರೆ ಮನೇಲಿ, ಪಾರ್ಕಲ್ಲಿ ಮೂರು ಜನ ಕೂತು ಮಾತಾಡೋ ಕಡೆ ಅದು ಮಾಡೋಕೆ ಹೆಚ್ಚು ಕೆಲಸವೇ ಇಲ್ಲ. ಅಮೆರಿಕದ ಮೆಂಫಿಸ್ ಯೂನಿವರ್ಸಿಟಿಯವರು ನಿಮ್ಮಂಥದ್ದೇ ಶ್ರವಣ ದೋಷ ಇರೋ ವಯಸ್ಸಾದವರಿಗೆ ಬೇಸಿಕ್, ಪ್ರೀಮಿಯಂ ಎರಡನ್ನೂ ಸರಿಯಾಗಿ ಹೊಂದಿಸಿ, ಯಾವುದು ಯಾವುದು ಅಂತ ಹೇಳದೆ, ಒಂದೊಂದು ತಿಂಗಳು ಹಾಕ್ಕೊಂಡು ಓಡಾಡಿ ಅಂತ ಕೊಟ್ಟು ನೋಡಿದ್ರು, 2014ರಲ್ಲಿ ಪ್ರಕಟ ಆಯ್ತು, ಮಾತು ಅರ್ಥ ಆಗೋದ್ರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆಗಿನ ಮೆಷಿನ್ ಬೇರೆ ಈಗಿನದ್ದು ಬೇರೆ ಅಂತ ಕಂಪನಿಯವರು ಹೇಳ್ತಾರೆ, ಇರಲಿ, ಆದ್ರೂ ಚೆಕ್ ಬರೆಯೋ ಮುಂಚೆ ನೆನಪಿಟ್ಕೊಳ್ಳೋ ವಿಷಯ.

ನಿಮ್ಮ ಕೇಸಲ್ಲಿ ದುಬಾರಿ ಮೆಷಿನ್ ಪರವಾಗಿ ಒಂದೇ ಒಂದು ಗಟ್ಟಿ ಕಾರಣ ಇದೆ. ನಿಮ್ಮ ತಗ್ಗು ಸ್ವರದ ಕಿವಿ ಇನ್ನೂ ಚೆನ್ನಾಗಿರೋದ್ರಿಂದ ಓಪನ್ ಡೋಮ್ ಹಾಕ್ತಾರೆ, ತೂತು ತೂತು ಇರೋ ಸಣ್ಣ ರಬ್ಬರ್ ಛತ್ರಿ. ಅದರ ಮೂಲಕ ಹೊರಗಿನ ಸೌಂಡ್ ನೇರ ಒಳಗೆ ಹೋಗತ್ತೆ, ಮೆಷಿನ್ ಸೌಂಡ್ ಲೆಕ್ಕಾಚಾರ ಮುಗಿಸಿ ಐದಾರು ಮಿಲಿಸೆಕೆಂಡ್ ತಡವಾಗಿ ಬರತ್ತೆ. ಒಂದೇ ಸದ್ದಿನ ಎರಡು ಪ್ರತಿ ಹಿಂದೆ ಮುಂದೆ ಬಂದು ಬೆರೆತಾಗ ಕೆಲವು ಫ್ರೀಕ್ವೆನ್ಸಿ ಒಂದಕ್ಕೊಂದು ಹೊಡೆದು ಹೋಗಿ ಧ್ವನಿ ಟೊಳ್ಳಾಗಿ, ಲೋಹದ ಥರ ಕೇಳತ್ತೆ, ಜನ "ಮೆಷಿನ್ ವಾಯ್ಸ್" ಅಂತ ಬೈಯೋದು ಬಹಳಷ್ಟು ಸಲ ಇದನ್ನೇ. ವೈಡೆಕ್ಸ್‌ನವರು 2020ರಲ್ಲಿ ಮೊಮೆಂಟ್ ಅನ್ನೋ ಮಾಡೆಲ್‌ನಲ್ಲಿ ಈ ತಡವನ್ನ ಅರ್ಧ ಮಿಲಿಸೆಕೆಂಡ್ ಆಸುಪಾಸಿಗೆ ಇಳಿಸಿದ್ರು, ಓಪನ್ ಫಿಟ್ಟಿಂಗ್‌ನಲ್ಲಿ ತುಂಬಾ ಜನಕ್ಕೆ ಆ ವ್ಯತ್ಯಾಸ ಗೊತ್ತಾಗತ್ತೆ. ನಿಮಗೂ ಗೊತ್ತಾಗಬಹುದು, ಟ್ರಯಲ್ ಕೇಳಿ ನೋಡಿ. ಆದ್ರೆ ಇದೇ ಉತ್ತರ ಓದಿ ಜಾಸ್ತಿ ಕಿವುಡು ಇರೋರು ಅದನ್ನೇ ಹುಡುಕ್ಕೊಂಡು ಹೋಗ್ಬೇಡಿ, ಕಿವಿ ಪೂರ್ತಿ ಮುಚ್ಚೋ ಮೋಲ್ಡ್ (ಕಿವಿಯ ಅಚ್ಚು ತೆಗೆದು ಮಾಡೋ ಬಿರಡೆ) ಹಾಕಿದ್ರೆ ನೇರ ಸೌಂಡ್ ಒಳಗೆ ಬರೋದೇ ಕಮ್ಮಿ, ಬೆರಕೆಯ ತೊಂದ್ರೆನೂ ಕಮ್ಮಿ.

ನಾನಾಗಿದ್ರೆ ಒಂದೂವರೆ ಲಕ್ಷದ ಜೋಡೀನ ಸರಿಯಾಗಿ ಹೊಂದಿಸಿಕೊಂಡು ಒಂದೆರಡು ವಾರ ಮನೆಗೆ ತಗೊಂಡು ಹೋಗಿ, ಒಂದು ಮದುವೆ ಊಟಕ್ಕೂ ಹಾಕ್ಕೊಂಡು ಹೋಗಿ ಆಮೇಲೆ ತೀರ್ಮಾನ ಮಾಡ್ತಿದ್ದೆ. ಪ್ರೀಮಿಯಂ ಒಂದೇ ಕಿವಿಗೆ ತಗೊಂಡು ಇನ್ನೊಂದನ್ನ ಬಿಡೋ ಯೋಚನೆ ಮಾತ್ರ ಬೇಡ, ಗದ್ದಲದಲ್ಲಿ ಎರಡು ಸಾಧಾರಣ ಮೆಷಿನ್ ಒಂದು ಭಾರೀ ಮೆಷಿನ್‌ಗಿಂತ ಮೇಲು. ಅಂದಹಾಗೆ ಹಿಯರಿಂಗ್ ಏಡ್‌ಗೆ ಜಿಎಸ್‌ಟಿ ಇಲ್ಲ, ಬಿಲ್‌ನಲ್ಲಿ ಸೇರಿಸಿದ್ರೆ ಕೇಳಿ.

ಪ್ರಶ್ನೆ: ನಮಸ್ಕಾರ್ರಿ. ನಾ ಸಣ್ಣಾಂವ ಇದ್ದಾಗಿಂದ ಸಂಗೀತ ಕೇಳ್ಕೋತ ಬಂದಾಂವ, ಮನ್ಯಾಗ ಹಾರ್ಮೋನಿಯಂ ಬಾರಸ್ತೇನಿ. ಎರಡು ವರ್ಷದ ಹಿಂದ ಛಲೋ ಕಂಪ್ನಿದು ದೊಡ್ಡ ಮಷೀನ್ ತಗೊಂಡೇನಿ, ರೊಕ್ಕ ಭಾಳ ಹೋತು. ಮಾತು ಮಸ್ತ್ ಕೇಳಸ್ತಾವ. ಆದ್ರ ತಂಬೂರಿ ಹಚ್ಚಿದ್ರ ಸ್ವಲ್ಪ ಹೊತ್ತಿನ್ಯಾಗ ದನಿ ತಾನ ಸಣ್ಣ ಆಕ್ಕೈತಿ, ಬಾನ್ಸುರಿ ಕೇಳಿದ್ರ ಶ್ರುತಿ ಅಲಗ್ಯಾಡಿದಂಗ ಅನಸ್ತೈತಿ, ಮೈಫಿಲ್‌ನ್ಯಾಗ ಮುಂದ ಕುಂತ್ರ ತಾರ ಸಪ್ತಕಕ್ಕ ದನಿ ಹರದು ಬರತೈತಿ. ಮಷೀನ್ ಕೆಟ್ಟೈತೋ, ನನ್ನ ಕಿವಿ ಕೆಟ್ಟಾವೋ? ಇನ್ನೂ ಮ್ಯಾಲಿಂದು ತಗೋಬೇಕೇನ್ರಿ? (ಧಾರವಾಡ)

ಉತ್ತರ: ಸರ್, ಮೆಷಿನ್ ಕೆಟ್ಟಿಲ್ಲ, ಕಿವಿ ಹೊಸದಾಗಿ ಏನೂ ಕೆಟ್ಟ ಹಾಗೆ ಕಾಣಲ್ಲ. ಇಷ್ಟು ಚೆನ್ನಾಗಿ ತೊಂದ್ರೆ ವಿವರಿಸೋರು ನನಗೆ ಸಿಗೋದೇ ಅಪರೂಪ, ನೀವು ಹೇಳಿರೋ ಮೂರಕ್ಕೂ ಬೇರೆ ಬೇರೆ ಕಾರಣ.

ತಂಬೂರಿ ಮೊದಲು. ಮೆಷಿನ್‌ನೊಳಗೆ ಗದ್ದಲ ಇಳಿಸೋ ಭಾಗ ಒಂದಿರತ್ತೆ, ಅದು ಮಾತನ್ನ ಗುರುತು ಹಿಡಿಯೋದು ಏರಿಳಿತದಿಂದ, ಯಾವ ಸದ್ದು ಏರಿಳಿತ ಇಲ್ಲದೆ ಒಂದೇ ಸಮ ಬರ್ತಾ ಇರತ್ತೋ ಅದು ಫ್ಯಾನು, ಮಿಕ್ಸಿ, ಬಸ್ ಇಂಜಿನ್ ಅಂತ ತಿಳ್ಕೊಂಡು ತಗ್ಗಿಸತ್ತೆ. ತಂಬೂರಿಯ ಆ ತುಂಬಿದ ನಾದ ಒಂದೇ ಸಮ ಹರಿಯೋದೇ ಅಲ್ವಾ, ಹಾಗಾಗಿ ಪಾಪ ಅದನ್ನೂ ಫ್ಯಾನ್ ಲೆಕ್ಕಕ್ಕೆ ಸೇರಿಸಿ ಒತ್ತಿಬಿಡತ್ತೆ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಆದ್ರೆ ಇನ್ನೂ ಬೇಗ. ಬಾನ್ಸುರಿಯದ್ದು ಬೇರೆ ಕಥೆ. ಮೆಷಿನ್ ಕುಂಯ್ ಅಂತ ಶಿಳ್ಳೆ ಹೊಡೆಯದಂತೆ ತಡೆಯೋಕೆ ಫೀಡ್‌ಬ್ಯಾಕ್ ಕ್ಯಾನ್ಸಲರ್ ಇರತ್ತೆ, ಕೊಳಲಿನ ಶುದ್ಧ ಸ್ವರ ಅದಕ್ಕೆ ಶಿಳ್ಳೆ ಥರಾನೇ ಕೇಳತ್ತೆ, ಅದನ್ನ ಅಳಿಸೋಕೆ ಉಲ್ಟಾ ಸ್ವರ ಹುಟ್ಟಿಸತ್ತೆ, ಕೆಲವು ಕಂಪನಿಯವು ಮೇಲಿನ ಫ್ರೀಕ್ವೆನ್ಸಿಗಳನ್ನ ಕೆಲವು ಹರ್ಟ್ಸ್ ಸರಿಸಿಯೂ ಬಿಡ್ತವೆ. ಮಾತಿಗೆ ಅಷ್ಟು ಸರಿದ್ರೆ ಯಾರಿಗೂ ಗೊತ್ತಾಗಲ್ಲ, ಶ್ರುತಿಗೆ ಗೊತ್ತಾಗದೇ ಇರತ್ತಾ! ಇದರ ಜೊತೆ ಫ್ರೀಕ್ವೆನ್ಸಿ ಲೋವರಿಂಗ್ ಅನ್ನೋದು ಆನ್ ಇದ್ರೆ ಮೇಲಿನ ಹಾರ್ಮಾನಿಕ್ಸ್‌ನೆಲ್ಲಾ (ಸ್ವರದ ಜೊತೆ ಹುಟ್ಟೋ ಉಪಸ್ವರಗಳು) ಎತ್ತಿ ಕೆಳಗೆ ಹಾಕತ್ತೆ, ಸ, ಶ ಕೇಳಿಸೋಕೆ ಅದು ಒಳ್ಳೇದು, ರಾಗಕ್ಕೆ ಶತ್ರು.

ತಾರ ಸಪ್ತಕದಲ್ಲಿ ಧ್ವನಿ ಒಡೆದು ಹರಿಯೋದು ಮೆಷಿನ್‌ನ ಮೈಕ್ ಹತ್ರಾನೇ ಆಗೋ ತೊಂದ್ರೆ. ಮೆಷಿನ್‌ಗಳು ಮಾತಿಗೆ ಅಂತ ಮಾಡಿದ್ದು, ಮಾತು ಎಷ್ಟು ಜೋರಾದ್ರೂ 90 ಡೆಸಿಬಲ್ ಆಸುಪಾಸು, ಹಾಗಾಗಿ ತುಂಬಾ ಮೆಷಿನ್‌ಗಳ ಮೈಕ್ ಒಳಗೆ ತಗೊಳ್ಳೋ ಸೌಂಡಿನ ಮಿತಿ 95, 96ಕ್ಕೇ ನಿಲ್ಲತ್ತೆ. ಮೈಫಿಲ್‌ನಲ್ಲಿ ಸ್ಪೀಕರ್ ಮುಂದೆ ಕೂತ್ರೆ 100 ದಾಟೋದು ಸಲೀಸು, ಅಲ್ಲಿಂದ ಮೇಲಿನದ್ದೆಲ್ಲಾ ಕತ್ತರಿಸಿ ಹೋಗತ್ತೆ, ಆಮೇಲೆ ನೀವು ವಾಲ್ಯೂಮ್ ಇಳಿಸಿದ್ರೆ ಹರಿದ ಧ್ವನೀನೇ ಮೆಲ್ಲಗೆ ಕೇಳತ್ತೆ ಅಷ್ಟೇ. ಇದಕ್ಕೆ ಹಳೇ ಉಪಾಯ ಒಂದಿದೆ, ಕಛೇರಿ ಹೊತ್ತಲ್ಲಿ ಮಾತ್ರ ಮೈಕ್ ತೂತುಗಳ ಮೇಲೆ ಸೆಲ್ಲೋ ಟೇಪ್ ಚೂರು ಅಂಟಿಸೋದು, ಒಳಗೆ ಹೋಗೋ ಸೌಂಡೇ ತಗ್ಗತ್ತೆ. ನಗಬೇಡಿ, ಕೆಲಸ ಮಾಡತ್ತೆ, ಮನೆಗೆ ಬಂದ ಮೇಲೆ ಕಿತ್ತು ಹಾಕೋದು ಮರೀಬೇಡಿ. ಇಲ್ಲಾ ನಾಲ್ಕು ಸಾಲು ಹಿಂದೆ ಕೂತ್ಕೊಳ್ಳಿ.

ಹೊಸ ಮೆಷಿನ್ ಈಗಲೇ ಬೇಡ. ಮೆಷಿನ್ ಕೊಟ್ಟೋರ ಹತ್ರಾನೇ ಹೋಗಿ ಪ್ರತ್ಯೇಕ ಮ್ಯೂಸಿಕ್ ಪ್ರೋಗ್ರಾಂ ಹಾಕಿಸ್ಕೊಳ್ಳಿ, ನಾಯ್ಸ್ ರಿಡಕ್ಷನ್ (ಆ ಗದ್ದಲ ಇಳಿಸೋ ಭಾಗ) ಪೂರ್ತಿ ಆಫ್, ಫ್ರೀಕ್ವೆನ್ಸಿ ಲೋವರಿಂಗ್ ಆಫ್, ಮೈಕ್ ಎಲ್ಲಾ ದಿಕ್ಕಿಗೂ ತೆರೆದಿರಬೇಕು, ಫೀಡ್‌ಬ್ಯಾಕ್ ಕ್ಯಾನ್ಸಲರ್ ಶಿಳ್ಳೆ ಬಾರದಷ್ಟು ಮಾತ್ರ, ಕಂಪ್ರೆಷನ್, ಅಂದ್ರೆ ಜೋರು ಸದ್ದು ಮೆಲ್ಲನೆ ಸದ್ದಿನ ಅಂತರ ಕುಗ್ಗಿಸೋದು, ಸೌಮ್ಯವಾಗಿ. ಕಂಪನಿಯ ರೆಡಿಮೇಡ್ ಮ್ಯೂಸಿಕ್ ಪ್ರೋಗ್ರಾಂ ಒತ್ತಿ ಆಯ್ತು ಹೋಗಿ ಅಂದ್ರೆ ಎದ್ದು ಬರ್ಬೇಡಿ. ಹಾರ್ಮೋನಿಯಂ ಜೊತೇಲೇ ತಗೊಂಡು ಹೋಗಿ ಸರ್, ಶ್ರುತಿ ಪೆಟ್ಟಿಗೇನೂ. ಅಲ್ಲೇ ಕೂತು ಬಾರಿಸ್ತಾ ಬಾರಿಸ್ತಾ ಎಲ್ಲಿ ಅಲುಗತ್ತೆ ಅಂತ ಹೇಳಿದ್ರೆ ಅವರೂ ಕಲೀತಾರೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಮ್ಯೂಸಿಕ್ ಅಂದ್ರೆ ಕಂಪ್ಯೂಟರ್‌ನಲ್ಲಿರೋ ಸ್ಯಾಂಪಲ್ ಪಿಯಾನೋ ಅಷ್ಟೇ ಗೊತ್ತು. ಮುಂದೆ ಯಾವತ್ತಾದ್ರೂ ಬದಲಾಯಿಸುವಾಗ ಎಷ್ಟು ಚಾನೆಲ್ (ಸದ್ದನ್ನ ಮೆಷಿನ್ ಎಷ್ಟು ಪಟ್ಟಿಯಾಗಿ ಭಾಗ ಮಾಡತ್ತೆ) ಅಂತ ಕೇಳೋ ಬದಲು ಮೈಕ್ ಎಷ್ಟು ಡೆಸಿಬಲ್ ತನಕ ಹರಿಯದೆ ತಗೊಳ್ಳತ್ತೆ ಅಂತ ಕೇಳಿ. ಈಗಿನ ಮೇಲ್ದರ್ಜೆಯವು 105, 110 ತನಕ ತಗೊಳ್ತವೆ, ಸಂಗೀತದವರು ಪ್ರೀಮಿಯಂಗೆ ದುಡ್ಡು ಹಾಕಿದ್ರೆ ನಾನು ಬೇಡ ಅನ್ನಲ್ಲ.

ಪ್ರಶ್ನೆ: ನಮ್ಮತ್ತೆಗೆ 74. ಮೂರೂವರೆ ಲಕ್ಷದ ಮೆಷಿನ್ ಕೊಡಿಸಿದ್ವಿ. ಹಾಕಿದ್ರೆ "ನನ್ನ ಮಾತು ನನಗೇ ಕೊಡದೊಳಗಿಂದ ಬಂದ ಹಾಗೆ ಕೇಳತ್ತೆ, ಪಾತ್ರೆ ಸದ್ದಿಗೆ ತಲೆ ಸಿಡಿಯತ್ತೆ" ಅಂತ ತೆಗೆದು ಡಬ್ಬಿಗೆ ಹಾಕ್ತಾರೆ. ಸೆಂಟರ್‌ನವರು ಅಭ್ಯಾಸ ಆಗತ್ತೆ ಅಂತಲೇ ಹೇಳ್ತಿದಾರೆ, ಎಷ್ಟು ದಿನ ಕಾಯೋದು? (ಬೆಂಗಳೂರು, ವಿಜಯನಗರ)

ಉತ್ತರ: ಅಭ್ಯಾಸ ಆಗೋದು ಬೇರೆ, ಆಗದೇ ಇರೋದು ಬೇರೆ, ಅತ್ತೆಯವರು ಎರಡನ್ನೂ ಒಟ್ಟಿಗೆ ಹೇಳಿದಾರೆ. ಇವತ್ತು ಸಂಜೆ ಹೀಗೆ ಮಾಡಿ. ಮೆಷಿನ್ ಆಫ್ ಮಾಡಿ ಕಿವಿಗೆ ಹಾಕಿ, ಅವರಿಗೆ ಉದ್ದಕ್ಕೆ "ಈ..." ಅನ್ನೋಕೆ ಹೇಳಿ. ಆಫ್ ಇದ್ದಾಗಲೂ ಕೊಡದೊಳಗಿಂದ ಬಂದ ಹಾಗೆ ಗುಂಯ್ ಅಂದ್ರೆ ತಪ್ಪು ಎಲೆಕ್ಟ್ರಾನಿಕ್ಸ್‌ನದ್ದಲ್ಲ, ಡೋಮ್ ಕಿವಿ ಪೂರ್ತಿ ಮುಚ್ಚಿದೆ, ಅವರ ಧ್ವನಿ ಎಲುಬಿನ ಮೂಲಕ ಒಳಗೆ ಬಂದು ಹೊರಗೆ ಹೋಗೋಕೆ ದಾರಿ ಇಲ್ಲದೆ ಅಲ್ಲೇ ಸುತ್ತತ್ತೆ. ಇದಕ್ಕೆ ಅಭ್ಯಾಸ ಮಾಡ್ಕೊಳ್ಳಿ ಅನ್ನೋದು ಸರಿಯಲ್ಲ, ಆಡಿಯೋಗ್ರಾಂ ನೋಡಿ ಸಾಧ್ಯ ಇದ್ರೆ ಓಪನ್ ಡೋಮ್ ಹಾಕ್ಬೇಕು, ಇಲ್ಲಾ ದೊಡ್ಡ ವೆಂಟ್ (ಗಾಳಿ ತೂತು) ಇರೋ ಮೋಲ್ಡ್ ಮಾಡಿಸ್ಬೇಕು. ಆಫ್ ಇದ್ದಾಗ ಸರಿ ಇದ್ದು ಆನ್ ಮಾಡಿದಾಗ ಮಾತ್ರ ಗುಂಯ್ ಅಂದ್ರೆ ತಗ್ಗು ಫ್ರೀಕ್ವೆನ್ಸಿ ಸ್ವಲ್ಪ ಇಳಿಸಿದ್ರೆ ಸಾಕು.

ಪಾತ್ರೆ ಸದ್ದು ಮಾತ್ರ ನಿಜವಾಗ್ಲೂ ಅಭ್ಯಾಸದ ವಿಷಯ, ಆದ್ರೆ ಡಬ್ಬಿಯಲ್ಲಿಟ್ರೆ ಆ ಅಭ್ಯಾಸ ಯಾವತ್ತೂ ಆಗಲ್ಲ. ಮೊದಲು ಸದ್ದಿಲ್ಲದ ರೂಮಲ್ಲಿ ಒಂದೆರಡು ಗಂಟೆ, ಒಬ್ಬರ ಜೊತೆ ಮಾತು, ಆಮೇಲೆ ಟೀವಿ, ಅಡುಗೆಮನೆ ಕೊನೆಗೆ. ಕೆಲವು ವಾರ ದಿನಾ ಹಾಕಿದ್ರೆ ಮಿದುಳು ಸ್ಟೀಲ್ ತಟ್ಟೆಗೆ ಅಷ್ಟು ಬೆಲೆ ಕೊಡೋದು ಬಿಡತ್ತೆ. ದಿನಕ್ಕೆ ಎಷ್ಟು ಗಂಟೆ ಹಾಕಿದ್ರು ಅನ್ನೋ ಲೆಕ್ಕ ಮೆಷಿನ್‌ನಲ್ಲೇ ಇರತ್ತೆ, ಆಡಿಯಾಲಜಿಸ್ಟ್ ಕಂಪ್ಯೂಟರ್‌ಗೆ ಹಾಕಿದ್ರೆ ಕಾಣತ್ತೆ, ಇದನ್ನ ಅತ್ತೆಯವರಿಗೆ ಹೇಳ್ಬೇಕೋ ಬೇಡ್ವೋ ನೀವೇ ನೋಡ್ಕೊಳ್ಳಿ.

ಪ್ರಶ್ನೆ: ಸುತ್ತಿ ಬಳಸಿ ಬೇಡ ಸರ್, ನ್ಯಾಚುರಲ್ ಸೌಂಡ್‌ಗೆ ಬೆಸ್ಟ್ ಕಂಪನಿ ಯಾವ್ದು, ಒಂದೇ ಹೆಸರು ಹೇಳಿ. (ತುಮಕೂರು)

ಉತ್ತರ: ನಿಮ್ಮೂರಲ್ಲಿ, ಬಸ್ಸಿಗೆ ಅರ್ಧ ಗಂಟೆ ದೂರದೊಳಗೆ, ಒಳ್ಳೆ ಆಡಿಯಾಲಜಿಸ್ಟ್ ಯಾವ ಕಂಪನಿ ಮೆಷಿನ್ ಚೆನ್ನಾಗಿ ಪ್ರೋಗ್ರಾಂ ಮಾಡ್ತಾರೋ ಅದು. ತಪ್ಪಿಸ್ಕೊಳ್ತಿಲ್ಲ ಸರ್. ಫೋನಾಕ್, ಓಟಿಕಾನ್, ವೈಡೆಕ್ಸ್, ಸಿಗ್ನಿಯಾ, ರಿಸೌಂಡ್, ಸ್ಟಾರ್ಕಿ ಇವೇ ದೊಡ್ಡ ಹೆಸರುಗಳು, ಅದರಲ್ಲೂ ವೈಡೆಕ್ಸ್, ಸಿಗ್ನಿಯಾ ಎರಡೂ ಈಗ ಒಂದೇ ಮನೆ. ಒಂದೊಂದರ ಧ್ವನಿಗೆ ಒಂದೊಂದು ಗುಣ ಇದೆ ನಿಜ, ಆದ್ರೆ ಮೊದಲ ವರ್ಷ ನೀವು ಸೆಟ್ಟಿಂಗ್‌ಗೆ ಮತ್ತೆ ಮತ್ತೆ ಹೋಗ್ಬೇಕಾಗತ್ತೆ, ಪ್ರತಿ ಸಲ ಬೆಂಗಳೂರಿಗೆ ಹೋಗೋದು ಕಷ್ಟ ಅಂತ ಬಿಟ್ಟುಬಿಟ್ರೆ ಯಾವ ಕಂಪನೀದೂ ನ್ಯಾಚುರಲ್ ಆಗಲ್ಲ.

ಪ್ರಶ್ನೆ: ಮಳೆಗಾಲ ಬಂದ್ರೆ ಸಾಕು, ಅಪ್ಪನ ಮೆಷಿನ್ ಧ್ವನಿ ಮಂಕಾಗತ್ತೆ. ನೀರು, ಧೂಳು ತಡೆಯತ್ತೆ, ಐಪಿ68 ಅಂತ ಹೇಳಿಯೇ ಕೊಟ್ಟಿದ್ರು. (ಕುಂದಾಪುರ)

ಉತ್ತರ: ಐಪಿ68 ಇದ್ರೂ ಸೌಂಡ್ ಹೊರಗೆ ಬರೋಕೆ ಒಂದು ತೂತು ಬೇಕಲ್ಲ, ನಿಮ್ಮ ಕರಾವಳಿ ತೇವ, ಬೆವರು, ಗುಗ್ಗೆ ಎಲ್ಲಾ ಸೇರೋದು ಅಲ್ಲೇ. ಮೊದಲು ರಿಸೀವರ್ (ಸೌಂಡ್ ಕೊಡೋ ಪುಟ್ಟ ಸ್ಪೀಕರ್) ತುದಿಯ ವ್ಯಾಕ್ಸ್ ಗಾರ್ಡ್ ಬದಲಾಯಿಸಿ, ಅಕ್ಕಿಕಾಳಿಗಿಂತ ಸಣ್ಣ ಬಿಳಿ ಬಿರಡೆ ಅದು. ಅರ್ಧಕ್ಕರ್ಧ ಕೇಸು ಅಲ್ಲಿಗೇ ಸರಿ ಹೋಗ್ತವೆ. ರಾತ್ರಿ ಡ್ರೈ ಬಾಕ್ಸ್‌ನಲ್ಲಿಡಿ, ಸಿಲಿಕಾ ಜೆಲ್ ಬಣ್ಣ ಬದಲಾದ್ರೆ ಹೊಸದು ಹಾಕಿ. ಸೆಲ್ ಹಾಕೋ ಮೆಷಿನ್ ಆದ್ರೆ ಸ್ಟಿಕರ್ ಕಿತ್ತ ತಕ್ಷಣ ಹಾಕ್ಬೇಡಿ, ಒಂದೆರಡು ನಿಮಿಷ ಗಾಳಿ ಕುಡೀಲಿ, ಅದು ಗಾಳಿಯಿಂದಲೇ ಕೆಲಸ ಮಾಡೋ ಜಿಂಕ್ ಸೆಲ್ಲು.

ಪ್ರಶ್ನೆ: ಮಗಳು ನ್ಯೂಜೆರ್ಸಿಯಲ್ಲಿದಾಳೆ, ಅಲ್ಲಿ ಚೀಟಿ ಇಲ್ದೇನೇ ಅಂಗಡೀಲಿ ಹಿಯರಿಂಗ್ ಏಡ್ ಸಿಗತ್ತಂತೆ, ಇಲ್ಲಿನ ಅರ್ಧ ರೇಟು. ಬರುವಾಗ ತರ್ಲಾ ಅಂತಾಳೆ. (ದಾವಣಗೆರೆ)

ಉತ್ತರ: ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ ಓಟಿಸಿ (ಓವರ್ ದಿ ಕೌಂಟರ್, ಚೀಟಿ ಇಲ್ಲದೆ ಮಾರೋದು) ಅಂತ ಶುರುವಾಗಿದೆ, ಹೌದು, ಕಾನೂನು ಪ್ರಕಾರ ಅದು ಸೌಮ್ಯದಿಂದ ಮಧ್ಯಮ ಮಟ್ಟದ ತೊಂದ್ರೆ ಇರೋ ದೊಡ್ಡವರಿಗೆ ಮಾತ್ರ. ನಿಮ್ಮದು ಅಷ್ಟೇ ಇದ್ದು ಮೊಬೈಲ್ ಆ್ಯಪ್‌ನಲ್ಲಿ ನೀವೇ ಏರಿಳಿಸ್ಕೊಳ್ತೀರಾ ಅಂದ್ರೆ ತರಿಸಬಹುದು. ಆದ್ರೆ ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ಸಿಗೋ ಕೆಲವು ಮೆಷಿನ್ ಆ ಅಂಗಡಿಯ ಸಾಫ್ಟ್‌ವೇರ್‌ಗೆ ಮಾತ್ರ ತೆರೆಯೋ ಹಾಗೆ ಲಾಕ್ ಆಗಿರ್ತವೆ, ಇಲ್ಲಿ ಯಾರೂ ಪ್ರೋಗ್ರಾಂ ಮಾಡೋಕಾಗಲ್ಲ, ವಾರಂಟಿನೂ ಇಲ್ಲಿ ನಡೆಯದೇ ಇರಬಹುದು. ಕೊಳ್ಳೋಕೆ ಮುಂಚೆ ಇವೆರಡನ್ನ ಮಗಳಿಗೆ ಬರವಣಿಗೆಯಲ್ಲಿ ಕೇಳೋಕೆ ಹೇಳಿ.

ಪ್ರಶ್ನೆ: ನನಗೆ 52. ಸೋಮವಾರ ಬೆಳಗ್ಗೆ ಎದ್ದಾಗಿಂದ ಎಡಗಿವಿ ಕೇಳ್ತಿಲ್ಲ, ಒಳಗೆ ಗುಂಯ್ ಸದ್ದು. ಒಂದು ಕಿವಿಗೆ ಒಳ್ಳೇ ಪ್ರೀಮಿಯಂ ಮೆಷಿನ್ ಯಾವುದು ಹೇಳ್ತೀರಾ? (ಶಿವಮೊಗ್ಗ)

ಉತ್ತರ: ಇವರಿಗೆ ಪತ್ರಿಕೆ ಬರೋ ತನಕ ಕಾಯದೆ ಅವತ್ತೇ ಫೋನ್ ಮಾಡಿ ಹೇಳಾಗಿದೆ, ಉಳಿದವರಿಗಾಗಿ ಇಲ್ಲಿ ಹಾಕ್ತಿದೀನಿ. ಏಕಾಏಕಿ ಒಂದು ಕಿವಿ ಹೋದ್ರೆ ಮೆಷಿನ್ ವಿಷಯ ಎತ್ತಲೇಬೇಡಿ, ಅವತ್ತೇ ಇಎನ್‌ಟಿ ಡಾಕ್ಟ್ರ ಹತ್ರ ಹೋಗಿ, ಇದು ಎಮರ್ಜೆನ್ಸಿ. ಬರೀ ಗುಗ್ಗೆ ಕಟ್ಕೊಂಡಿದ್ರೆ ತೆಗೆದು ಕಳಿಸ್ತಾರೆ, ಒಳ್ಳೇದೇ ಆಯ್ತು. ಒಳಗಿವಿ ನರದ ತೊಂದ್ರೆ ಆಗಿದ್ರೆ ಸ್ಟೆರಾಯ್ಡ್ ಶುರು ಮಾಡ್ತಾರೆ, ಅದು ಮೊದಲ ಕೆಲವು ದಿನದಲ್ಲಿ ಕೊಟ್ರೆ ಕಿವಿ ವಾಪಸ್ ಬರೋ ಸಾಧ್ಯತೆ ಜಾಸ್ತಿ, ಎರಡು ವಾರ ದಾಟಿದ ಮೇಲೆ ಬಹಳ ಕಮ್ಮಿ ಆಗ್ತಾ ಹೋಗತ್ತೆ. ಮೆಷಿನ್ ಅಂಗಡಿಗೆ ಮೊದಲು ಹೋಗಿ, ಅಲ್ಲಿ ಟ್ರಯಲ್ ಅಂತ ಹತ್ತು ದಿನ ಕಳೆದು, ಆಮೇಲೆ ಡಾಕ್ಟ್ರ ಹತ್ರ ಬರೋರನ್ನ ನೋಡ್ತಾನೇ ಇರ್ತೀವಿ.